ಎರಡೂವರೆ ಸುತ್ತು

ನಮ್ಮ ಊರಿಗೆ ಹೊಸಬರು ಯಾರಾದರೂ ಬೈಕಿನಲ್ಲಿ ಬಂದರೆ ಮೂರನೆಯ ಬೀದಿ ಮುಗಿಯುವುದರೊಳಗೆ ಇಳಿದು ತಳ್ಳುತ್ತಿರುತ್ತಾರೆ. ತಳ್ಳುತ್ತಾ ಪೆಟ್ರೋಲ್ ಬಂಕಿನವನಿಗೆ ಶಾಪ ಹಾಕುತ್ತಿರುತ್ತಾರೆ. ನಾವು ನಗುವುದಿಲ್ಲ. ಬೀದಿಯ ಬಾಯಲ್ಲಿ ನಿಂತಿರುವ ಕಲ್ಲನ್ನು ತೋರಿಸಿ ನಮ್ಮ ಪಾಡಿಗೆ ನಾವು ಹೋಗುತ್ತೇವೆ. ಮೊಣಕಾಲೆತ್ತರದ ಕಲ್ಲು, ಸುಣ್ಣ ಬಳಿದದ್ದು, ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ಅಂಕೆ, ಪಕ್ಕದಲ್ಲಿ ಸರಪಳಿಗೆ ಕಟ್ಟಿದ ಸ್ಕ್ರೂಡ್ರೈವರ್. ಪೇಟೆ ಬೀದಿಗೆ ಒಂದೂವರೆ, ಕಲ್ಲುಬಾವಿ ಬೀದಿಗೆ ಮುಕ್ಕಾಲು, ಬಳೆಗಾರರ ಓಣಿಗೆ ಎರಡು. ಕಾರ್ಬುರೇಟರಿನ ಏರ್ ಸ್ಕ್ರೂವನ್ನು ಪೂರ್ತಿ ಒಳಕ್ಕೆ ಕೂರಿಸಿ, ಅಲ್ಲಿಂದ ಅಷ್ಟು ಸುತ್ತು ಹೊರಕ್ಕೆ ಬಿಟ್ಟರೆ ಆ ಬೀದಿ ದಾಟಬಹುದು. ಒಂದೊಂದು ಬೀದಿಗೂ ಒಂದೊಂದು ಗಾಳಿ ಇರುವಾಗ ಇನ್ನೇನು ತಾನೇ ಮಾಡಲಾದೀತು?

ಹುಟ್ಟಿದಾರಭ್ಯ ಇಲ್ಲೇ ಇರುವವರಿಗೆ ಇದೊಂದು ವಿಶೇಷವೇ ಅಲ್ಲ. ಕಲ್ಲುಬಾವಿ ಬೀದಿಯ ಗಾಳಿ ದಟ್ಟ. ಅಲ್ಲಿ ಅತ್ತೆ ಸೊಸೆಯರು ಪಿಸುಗುಟ್ಟಿದರೂ ನಾಲ್ಕನೆಯ ಮನೆಗೆ ಕೇಳುತ್ತದೆ, ಅದಕ್ಕೇ ಆ ಬೀದಿಯಲ್ಲಿ ಜಗಳಗಳು ಕಡಿಮೆ. ಗಾಣದ ಬೀದಿಯ ಗಾಳಿ ತೆಳು. ಅಲ್ಲಿ ಬೇಳೆ ಬೇಯುವುದಿಲ್ಲ, ಹಬ್ಬದ ಹಿಂದಿನ ದಿನ ಹೆಂಗಸರು ಬೇಳೆಯ ಪಾತ್ರೆ ಹೊತ್ತುಕೊಂಡು ಕೆಳಗಿನ ಬೀದಿಯ ನೆಂಟರ ಮನೆಗೆ ಹೋಗಿ ಬೇಯಿಸಿಕೊಂಡು ಬರುತ್ತಾರೆ. ನಾಗಸ್ವರದವರು ಗಾಣದ ಬೀದಿಯ ಮದುವೆ ಒಪ್ಪಿಕೊಳ್ಳುವುದಿಲ್ಲ. ಹೆಣ್ಣು ಕೊಡುವವರು ಜಾತಕಕ್ಕೆ ಮೊದಲು ಗಂಡಿನ ಮನೆಯ ಕಲ್ಲಿನ ಅಂಕೆ ಕೇಳುತ್ತಾರೆ. ಮುಕ್ಕಾಲಿನ ಬೀದಿಯಲ್ಲಿ ಬೆಳೆದ ಹುಡುಗಿ ಎರಡೂವರೆಯ ಮನೆ ಸೇರಿದರೆ ಆರು ತಿಂಗಳು ತಲೆಶೂಲೆ ಬಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಈ ಕಲ್ಲುಗಳ ಮೇಲೆ ಅಂಕೆ ಬರೆಯುವವನು ನಾನು. ಹೆಸರು ಗುರುಪಾದಪ್ಪ, ಆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಊರಿಗೆಲ್ಲ ನಾನು ಮೇಸ್ತ್ರಿ. ಪೇಟೆ ಬೀದಿಯಲ್ಲಿ ನನ್ನ ಗ್ಯಾರೇಜ್ ಇದೆ. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವರು ನಮ್ಮಪ್ಪ. ನಲವತ್ತೊಂದು ಕಲ್ಲುಗಳನ್ನೂ ನೆಟ್ಟವರು ಅವರೇ. ಬೀದಿಗಳ ಗಾಳಿ ವರ್ಷಕ್ಕಿಷ್ಟು ಅಂತ ಅತ್ತಿತ್ತ ಸರಿಯುತ್ತದೆ, ಆದ್ದರಿಂದ ಚಳಿ ಮುಗಿದ ಮೇಲೆ ಒಂದು ದಿನ ಎಲ್ಲ ಕಲ್ಲುಗಳ ಮುಂದೆಯೂ ನಿಂತು ಹೊಸದಾಗಿ ಅಂಕೆ ಕಂಡುಹಿಡಿಯಬೇಕು. ಅಂದು ಊರಿಗೆ ಊರೇ ಬಾಗಿಲಿಗೆ ಬರುತ್ತದೆ. ಗ್ಯಾರೇಜಿನ ಹಳೆಯ ಬೈಕ್ ನಾನು ಓಡಿಸುತ್ತೇನೆ, ನನ್ನ ಬಲಮೊಣಕಾಲು ಕೈಕೊಟ್ಟ ಮೇಲೆ ಪ್ರತಿ ಬೀದಿಯಲ್ಲೂ ಯಾರಾದರೊಬ್ಬರು ಬಂದು ಕಿಕ್ಕರ್ ಹೊಡೆದುಕೊಡುತ್ತಾರೆ. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನಾನು ಬಗ್ಗಿ ಕೇಳುತ್ತೇನೆ.

ಕೇಳುವುದು ಏನನ್ನು ಅಂತ ಹೇಳಬೇಕು. ಕಾರ್ಬುರೇಟರಿಗೆ ಗಾಳಿ ಹೋಗಲು ದೊಡ್ಡ ಬಾಯಿ ಒಂದಿದೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಪಕ್ಕದಲ್ಲಿ ಸೂಜಿ ತೂರುವಷ್ಟು ಸಣ್ಣ ಇನ್ನೊಂದು ದಾರಿ ಇದೆ. ಬೈಕ್ ಸುಮ್ಮನೆ ನಿಂತು ಗುಡುಗುಡು ಅನ್ನುವಾಗ, ನಿಧಾನಕ್ಕೆ ಏರು ಹತ್ತುವಾಗ, ಇಂಜಿನ್ ಉಸಿರಾಡುವುದು ಈ ಸಣ್ಣ ದಾರಿಯಿಂದಲೇ. ಏರ್ ಸ್ಕ್ರೂ ಇರುವುದು ಅದರ ಬಾಗಿಲಲ್ಲಿ. ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆ, ಪೆಟ್ರೋಲಿನದೇ ಕಾರುಬಾರು. ಹೊರಕ್ಕೆ ತಿರುಗಿಸಿದರೆ ಗಾಳಿ ಹೆಚ್ಚು. ಇಂಜಿನ್ ಚೆನ್ನಾಗಿ ಕಾಯ್ದ ಮೇಲೆ ಸ್ಕ್ರೂವನ್ನು ಬೆರಳಿನ ತುದಿಯಲ್ಲಿ ಒಳಕ್ಕೆ ಕೂರಿಸಬೇಕು. ಬಲ ಹಾಕಿದರೆ ಅದರ ಚೂಪು ತುದಿಗೆ ಉಂಗುರದಂಥ ಗೀರು ಬಿದ್ದು ಆಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಅಲ್ಲಿಂದ ಕಾಲು ಕಾಲು ಸುತ್ತು ಬಿಡುತ್ತಾ ಬಂದರೆ ಇಂಜಿನ್ನಿನ ಸದ್ದು ತಾನಾಗಿ ಏರುತ್ತಾ ಹೋಗುತ್ತದೆ. ಒಂದು ಕಡೆ ಏರುವುದು ನಿಲ್ಲುತ್ತದೆ. ಇನ್ನೂ ಬಿಟ್ಟರೆ ಇಳಿಯುತ್ತದೆ. ಆ ನಿಂತ ಜಾಗವೇ ಆ ಬೀದಿಯ ಅಂಕೆ. ಮೀಟರ್ ಹಚ್ಚಿ ನೋಡುವವರು ಹೊರಗಿನ ಊರುಗಳಲ್ಲಿ ಇರಬಹುದು, ನಮ್ಮಪ್ಪನಿಗೆ ಕಿವಿ ಇತ್ತು, ನನಗೂ ಇತ್ತು.

ಎಲ್ಲ ಬೈಕಿಗೂ ಒಂದೇ ಅಂಕೆ ಹೇಗೆ ಹೊಂದುತ್ತದೆ ಎಂದು ತಿಳಿದವರು ಕೇಳುತ್ತಾರೆ. ಹೊಸ ಬೈಕ್ ಊರಿಗೆ ಬಂದರೆ ಮೊದಲು ನನ್ನ ಗ್ಯಾರೇಜಿಗೇ ಬರಬೇಕು. ಅದರಲ್ಲಿ ಪೆಟ್ರೋಲ್ ಹನಿಸುವ ಸಣ್ಣ ಜೆಟ್ ಬದಲಾಯಿಸಿ, ಪೇಟೆ ಬೀದಿಯಲ್ಲಿ ಸರಿಯಾಗಿ ಒಂದೂವರೆಗೆ ನಿಲ್ಲುವಂತೆ ಮಾಡಿ ಕೊಡುತ್ತೇನೆ. ಇದಕ್ಕೆ ಕಲ್ಲಿಗೆ ಕೂರಿಸುವುದು ಎನ್ನುತ್ತಾರೆ. ಕಲ್ಲಿಗೆ ಕೂತ ಬೈಕ್ ನಲವತ್ತೊಂದು ಬೀದಿಯಲ್ಲೂ ಓಡುತ್ತದೆ. ಸ್ಕ್ರೂ ಇಂಜಿನ್ನಿನ ಕಡೆಗಿರುವ ಬೈಕುಗಳೂ ಇವೆ. ಅವುಗಳದ್ದು ಗಾಳಿಯ ಸ್ಕ್ರೂ ಅಲ್ಲ, ಪೆಟ್ರೋಲಿನದು, ತಿರುವು ಉಲ್ಟಾ. ಅಂಥವನ್ನು ನಮ್ಮೂರಿನವರು ವರದಕ್ಷಿಣೆಯಾಗಿ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಹೋದ ವರ್ಷ ಕಲ್ಲು ನೋಡುವ ದಿನ ಗಾಣದ ಬೀದಿಯ ಅಂಕೆ ಒಂದೂವರೆಗೆ ಇಳಿಯಿತು. ಅದಕ್ಕೆ ಹಿಂದಿನ ವರ್ಷ ಎರಡೂಕಾಲಿತ್ತು. ನಾನೇ ಬೆರಗಾಗಿ ಎರಡು ಸಲ ನೋಡಿದೆ. ಆಮೇಲೆ ಎದ್ದು ನಿಂತು, ಸುತ್ತ ನೆರೆದವರಿಗೆ ಹೇಳಿದೆ: "ನಿಮ್ಮ ಬೀದಿಗೆ ಒಳ್ಳೇ ಗಾಳಿ ಬಂದಿದೆ ಕಣ್ರಪ್ಪಾ. ಇನ್ಮೇಲೆ ಮನೇಲೇ ಬೇಳೆ ಬೇಯಿಸ್ಕೊಳ್ಳಿ." ಯಾರೂ ಏನೂ ಹೇಳಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ನಾನು ಬಣ್ಣದ ಡಬ್ಬಿ ತೆರೆದೆ.

ಚಂದ್ರಮತಿ ನಮ್ಮೂರಿಗೆ ಬಂದದ್ದು ಅದಾದ ಮೇಲೆ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಹೊರ ಊರಿನವಳು, ಅಂಚೆ ಹಂಚುವ ಕೆಲಸ. ಆರು ತಿಂಗಳು ನೋಡಿ ಖಾಯಂ ಮಾಡುತ್ತೇವೆಂದು ಹೇಳಿ ಕರೆಸಿಕೊಂಡಿದ್ದರಂತೆ. ಊರಿನಲ್ಲಿ ನೆಂಟರಿಲ್ಲ, ಇಷ್ಟರಿಲ್ಲ. ಕಲ್ಲಿನ ವಿಷಯ ತಿಳಿದುಕೊಂಡು, ನಲವತ್ತೊಂದು ಅಂಕೆಗಳನ್ನೂ ಒಂದು ಕಾಗದದಲ್ಲಿ ಬರೆದು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿಕೊಂಡಿದ್ದಳು. ನಮ್ಮೂರಿನ ಹುಡುಗರು ಇಷ್ಟು ಶ್ರದ್ಧೆ ತೋರಿದ್ದನ್ನು ನಾನು ಕಂಡಿಲ್ಲ. ಆದರೂ ವಾರಕ್ಕೆ ಮೂರು ದಿನ ಬೈಕ್ ತಳ್ಳಿಕೊಂಡು, ಹೆಗಲಿಗೆ ಅಂಚೆಚೀಲ ಹಾಕಿಕೊಂಡು, ಬೆವರು ಸುರಿಸುತ್ತಾ ನನ್ನ ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದಳು.

"ಮತ್ತೆ ಗಾಣದ ಬೀದೀಲಿ ನಿಂತೋಯ್ತು ಮೇಸ್ತ್ರಿಗಳೇ. ಸ್ಕ್ರೂ ಕಲ್ಲಲ್ಲಿರೋ ಹಾಗೇ ಬಿಟ್ಟಿದ್ದೆ. ಅರ್ಧ ಏರು ಹತ್ತೋ ಹೊತ್ತಿಗೆ ಬುಕ್ ಬುಕ್ ಅನ್ನುತ್ತೆ, ಆಫ್ ಆಗೋಗುತ್ತೆ."

"ಬೈಕು ತಾನಾಗೇ ನಿಲ್ಲಲ್ಲ ತಾಯಿ, ನಿಲ್ಲಿಸೋರು ನಿಲ್ಲಿಸ್ತಾರೆ," ಎಂದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು, ಜೊತೆಗೆ ಪೆಟ್ರೋಲಿನ ಪಸೆ. ಗಾಳಿ ಸಾಲದೆ ಪೆಟ್ರೋಲ್ ಮಾತ್ರ ಕುಡಿದ ಇಂಜಿನ್ನಿನ ಲಕ್ಷಣ ಅದು. ಇದಕ್ಕೆ ಕಾರಣ ಮೂರೇ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿರಬೇಕು, ಇಲ್ಲವೇ ಗಾಳಿಯ ಬಾಯಿ ಮುಚ್ಚುವ ಚೋಕ್ ಎಳೆದುಕೊಂಡೇ ಓಡಿಸಿರಬೇಕು, ಅದೂ ಅಲ್ಲವಾದರೆ ಏರ್ ಸ್ಕ್ರೂ ಇರಬೇಕಾದ್ದಕ್ಕಿಂತ ಒಳಗಿರಬೇಕು. ಫಿಲ್ಟರ್ ಶುಭ್ರವಾಗಿತ್ತು. ಮೂರನೆಯದನ್ನು ನಾನು ಯೋಚಿಸಲೂ ಇಲ್ಲ. ಅವಳು ಕಲ್ಲಿನಂತೆಯೇ ತಿರುಗಿಸಿದ್ದೆ ಎನ್ನುತ್ತಿದ್ದಾಳೆ, ಕಲ್ಲಿನ ಮೇಲೆ ಬರೆದವನು ನಾನು. ಉಳಿದದ್ದು ಚೋಕ್.

"ಚೋಕ್ ಎಳೆದಿದ್ದೆ ಅಲ್ವಾ?"

"ಇಲ್ಲ ಸಾರ್. ಆಣೆಯಿಟ್ಟು ಹೇಳ್ತೀನಿ, ಮುಟ್ಟಿಲ್ಲ."

"ಎಳೆದಿದ್ದು ನೆನಪಿರಲ್ಲ ಕೆಲವರಿಗೆ."

ಅವಳ ಮುಖ ಕೆಂಪಾಯಿತು. ಪ್ಲಗ್ ಉಜ್ಜಿ ಹಾಕಿದೆ, ಪೇಟೆ ಬೀದಿಯಲ್ಲಿ ಬೈಕ್ ಗಂಟೆ ಹೊಡೆದ ಹಾಗೆ ಶುರುವಾಯಿತು. ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದೆ. ಅವಳು ಹೆಲ್ಮೆಟ್ ಕೈಯಲ್ಲೇ ಹಿಡಿದು, "ಒಂದ್ಸಲ ನೀವೇ ಗಾಣದ ಬೀದೀಗೆ ಬಂದು ನೋಡ್ತೀರಾ?" ಎಂದು ಕೇಳಿದಳು.

"ಕಲ್ಲಿಗೆ ಎದುರಾಡೋ ಪದ್ಧತಿ ಈ ಊರಲ್ಲಿಲ್ಲ," ಎಂದು ನಾನು ಬೇರೆ ಬೈಕಿನ ಕಡೆ ತಿರುಗಿದೆ. ನನ್ನ ಬುದ್ಧಿ ಅಂಥದ್ದು. ಕೆಲಸದಲ್ಲಿ ತಪ್ಪು ಹುಡುಕಿದವರನ್ನು ಕಂಡರೆ ನನಗೆ ಆಗುವುದಿಲ್ಲ.

ಅದೇ ವಾರ ಪೋಸ್ಟ್ ಮಾಸ್ಟರು ತಮ್ಮ ಬೈಕಿಗೆ ಆಯಿಲ್ ಬದಲಾಯಿಸಲು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಗಡಿಯಾರ ನೋಡಿ ಊಟ ಮಾಡುವ ಜಾತಿ. ಗಾಣದ ಬೀದಿಯ ಕಾಗದಗಳು ದಿನವೂ ತಡ, ದೂರುಗಳೂ ಬಂದಿವೆ ಎಂದರು. "ಆ ಹುಡುಗಿ ಬೈಕಲ್ಲಿ ಏನಾದ್ರೂ ದೋಷ ಇದೆಯಾ ಮೇಸ್ತ್ರಿ?" ಎಂದು ಗಟ್ಟಿಯಾಗಿ ಕೇಳಿದರು. ಇತ್ತೀಚೆಗೆ ಊರಿನವರೆಲ್ಲ ನನ್ನೊಡನೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು; ವಯಸ್ಸಿಗೆ ಕೊಡುವ ಮರ್ಯಾದೆ ಎಂದು ನಾನು ಭಾವಿಸಿದ್ದೆ.

"ಬೈಕ್ ಸರಿಯಾಗಿದೆ. ಕೈ ಸರಿಯಿಲ್ಲ," ಎಂದೆ. ಮಾತು ಚೆನ್ನಾಗಿ ಬಂತು ಅನ್ನಿಸಿ ನಾನೇ ನಕ್ಕೆ.

ಮಧ್ಯಾಹ್ನ ನನ್ನ ಹೆಂಡತಿ ದೇವೀರಮ್ಮ ಊಟದ ಡಬ್ಬಿ ತಂದಳು. ನನ್ನ ಮೊಣಕಾಲು ಹೋದಾಗಿನಿಂದ ಬೆಳಿಗ್ಗೆ ನನ್ನನ್ನು ತನ್ನ ಹಸಿರು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಬಿಡುವವಳೂ, ಸಂಜೆ ಕರೆದುಕೊಂಡು ಹೋಗುವವಳೂ ಅವಳೇ. ದಾರಿಯಲ್ಲಿ ಕಲ್ಲು ಸಿಕ್ಕಲ್ಲಿ ನಿಲ್ಲಿಸಿ ಸ್ಕ್ರೂ ತಿರುಗಿಸುತ್ತಾಳೆ, ನಾನು ಹಿಂದೆ ಕೂತು ಹೋಗುವವರ ಬರುವವರ ಬೈಕಿನ ಹೊಗೆ ನೋಡುತ್ತಿರುತ್ತೇನೆ. ಅಂಚೆ ಹುಡುಗಿಯ ಕಥೆ ಹೇಳಿದೆ.

"ಅಷ್ಟು ಕೇಳ್ಕೊತಾಳಲ್ಲ, ಒಂದ್ಸಲ ಹೋಗಿ ನೋಡ್ಕೊಂಡ್ ಬರಬಾರದಾ?" ಎಂದಳು.

"ಯಾಕೆ, ನಿಂಗೂ ನನ್ನ ಕಲ್ಲಿನ ಮೇಲೆ ಅನುಮಾನವಾ?"

ದೇವೀರಮ್ಮ ಮಜ್ಜಿಗೆಹುಳಿ ಇನ್ನೊಂದು ಸೌಟು ಬಡಿಸಿದಳು.

ತಿಂಗಳು ಮುಗಿಯಲು ಎಂಟು ದಿನ ಇರುವಾಗ ಚಂದ್ರಮತಿ ಮತ್ತೆ ಬಂದಳು. ಈ ಸಲ ಬೈಕ್ ತಳ್ಳಿಕೊಂಡು ಬಂದಿರಲಿಲ್ಲ. ಗ್ಯಾರೇಜಿಗೆ ಬಂದಿದ್ದ ಎರಡು ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟು, ಮೂರನೆಯದನ್ನು ಬಿಚ್ಚಿ ನನ್ನ ಮುಂದೆ ಹಿಡಿದಳು. ಅದು ಅವಳದೇ ಕಾಗದ. ಹಂಚಿಕೆಯಲ್ಲಿ ಸತತ ವಿಳಂಬ, ವಾಹನ ಚಾಲನೆಯಲ್ಲಿ ಅಸಮರ್ಥತೆ, ಆದ್ದರಿಂದ ತಿಂಗಳ ಕೊನೆಯ ದಿನ ಕೆಲಸದಿಂದ ಬಿಡುಗಡೆ ಎಂದು ಟೈಪಾಗಿತ್ತು.

"ಬೈಕ್ ಸರಿ ಇದೆ, ಕೈ ಸರಿ ಇಲ್ಲ ಅಂತ ಹೇಳಿದ್ರಂತೆ," ಎಂದಳು. ಧ್ವನಿಯಲ್ಲಿ ಜಗಳವಿರಲಿಲ್ಲ. "ನೀವು ದೊಡ್ಡೋರು, ನಿಮ್ಮ ಮಾತು ನಡೀತು. ನಾನು ಹದಿನೇಳನೇ ವಯಸ್ಸಿಂದ ಬೈಕ್ ಓಡಿಸ್ತಿದೀನಿ ಸಾರ್. ನಮ್ಮನೇಲಿ ನನ್ನ ಸಂಬಳ ನೋಡ್ಕೊಂಡು ತಂಗಿ ನರ್ಸಿಂಗ್ ಸೇರಿದಾಳೆ. ಹೋಗೋ ಮೊದ್ಲು ಒಂದ್ಸಲ ನಿಮ್ಮ ಕಣ್ಣೆದುರಿಗೇ ಓಡಿಸಿ ತೋರಿಸ್ಬೇಕು ಅಂತ ಆಸೆ. ಅಷ್ಟೇ."

ಒಂದು ಮಾತಿನ ಚಪಲಕ್ಕೆ ಒಬ್ಬಳ ಅನ್ನ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿರಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ಕೈ ಒರೆಸಿಕೊಂಡು, ಅವಳ ಹಿಂದೆ ಹತ್ತಿ ಕೂತೆ.

ಗಾಣದ ಬೀದಿಯ ಕಲ್ಲಿನ ಹತ್ತಿರ ಅವಳು ಬೈಕ್ ನಿಲ್ಲಿಸಿದಳು. ನಾನು ನೋಡುತ್ತಿದ್ದಂತೆ ಚೋಕ್ ಹಿಂದಕ್ಕಿರುವುದನ್ನು ತೋರಿಸಿದಳು, ಸ್ಕ್ರೂವನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಕೂರಿಸಿದಳು, ಒಂದು ಸುತ್ತು, ಅರ್ಧ ಸುತ್ತು, ಸರಿಯಾಗಿ ಕಲ್ಲಿನಂತೆ ಬಿಟ್ಟಳು. ಅವಳ ಕೈಯಲ್ಲಿ ಹುಡುಕಿದರೂ ತಪ್ಪಿರಲಿಲ್ಲ. ನನ್ನನ್ನು ಕೆಳಗೇ ನಿಲ್ಲಿಸಿ ಏರು ಹತ್ತಿದಳು. ಎಣ್ಣೆ ಅಂಗಡಿ ದಾಟುವ ಹೊತ್ತಿಗೆ ಹಿಂದಿನಿಂದ ಕಪ್ಪು ಹೊಗೆ ಬಂತು, ಬೈಕ್ ಎರಡು ಸಲ ಜಗ್ಗಿತು, ನಿಂತಿತು. ಅವಳು ಇಳಿಯಲಿಲ್ಲ, ಅಲ್ಲೇ ಕಾಲೂರಿ, ಹಿಂತಿರುಗಿ ನನ್ನನ್ನು ನೋಡಿದಳು.

ನಾನು ಕಲ್ಲಿನ ಪಕ್ಕದಲ್ಲೇ ನಿಂತಿದ್ದೆ. ಅಷ್ಟರಲ್ಲಿ ಗಾಣದ ಮಲ್ಲಪ್ಪ ತನ್ನ ಬೈಕಿನಲ್ಲಿ ಬಂದ. ಹಿಂದೆ ಎರಡು ಎಣ್ಣೆಯ ಕ್ಯಾನು ಕಟ್ಟಿಕೊಂಡಿದ್ದ. ನನ್ನನ್ನು ಕಂಡು ತಬ್ಬಿಬ್ಬಾದ. "ನಮಸ್ಕಾರ ಮೇಸ್ತ್ರಿ," ಎಂದವನೇ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡು, ನನಗೆ ಬೆನ್ನು ಮಾಡಿ ಬಗ್ಗಿದ. ಬೆನ್ನು ಮಾಡಿದ್ದೇ ನನಗೆ ಅನುಮಾನ ತಂದದ್ದು. ಪಕ್ಕಕ್ಕೆ ಸರಿದು ಅವನ ಮಣಿಕಟ್ಟು ನೋಡಿದೆ. ಒಂದು ಸುತ್ತು. ಒಂದೂವರೆ. ಕೈ ನಿಲ್ಲಲಿಲ್ಲ. ಎರಡು. ಎರಡೂವರೆ. ಆಮೇಲೆ ಅವನು ಕಿಕ್ಕರ್ ಹೊಡೆದ, ಎರಡು ಕ್ಯಾನು ಎಣ್ಣೆಯ ಭಾರ ಹೊತ್ತ ಆ ಬೈಕ್ ಗಲಾಟೆಯಿಲ್ಲದೆ ನಿಂತಲ್ಲೇ ಓಡತೊಡಗಿತು.

"ಮಲ್ಲಪ್ಪಾ, ಎಷ್ಟು ಬಿಟ್ಟೆ?"

"ಏನ್ ಮೇಸ್ತ್ರಿ?"

"ಸ್ಕ್ರೂ ಎಷ್ಟು ಸುತ್ತು ಬಿಟ್ಟೆ ಅಂತ ಕೇಳ್ದೆ."

ಅವನು ಬೈಕ್ ಆಫ್ ಮಾಡಿದ. ನೆಲ ನೋಡಿದ, ಕಲ್ಲು ನೋಡಿದ, ಕ್ಯಾನಿನ ಹಗ್ಗ ಬಿಗಿ ಮಾಡಿದ. "ಏನೋ ಅಭ್ಯಾಸ..." ಎಂದ. ಅಷ್ಟರಲ್ಲಿ ಅವನ ಹೆಂಡತಿ ಅಂಗಡಿಯ ಮೆಟ್ಟಿಲಿಂದ ಇಳಿದು ಬಂದಿದ್ದಳು. ಆಕೆ ನೇರ ಮಾತಿನವಳು.

"ಹೇಳ್ರೀ, ಇನ್ನೆಷ್ಟು ದಿನ ಮುಚ್ಚಿಡ್ತೀರಾ? ಬೇಳೆ ಬೇಯುತ್ತೆ ಅಂದ್ರಲ್ಲ ಮೇಸ್ತ್ರಿ, ಎಲ್ಲಿ ಬೆಂತು? ಹೋದ ವರ್ಷದಿಂದ ಇವತ್ತಿನವರೆಗೂ ಒಂದು ದಿನ ಬೆಂದಿಲ್ಲ."

ಆಗ ಮಲ್ಲಪ್ಪ ಹೇಳಿದ. ಅವತ್ತು ನಾನು ಒಂದೂವರೆಗೆ ಕೈ ನಿಲ್ಲಿಸಿದಾಗ ಇಂಜಿನ್ ಇನ್ನೂ ಏರುತ್ತಲೇ ಇತ್ತಂತೆ. ಕಿಕ್ಕರ್ ಹೊಡೆದವನಿಗೆ ಕೇಳುತ್ತಿತ್ತು, ಬಾಗಿಲಲ್ಲಿ ನಿಂತ ಹೆಂಗಸರಿಗೆ ಕೇಳುತ್ತಿತ್ತು, ನನಗೆ ಮಾತ್ರ ಕೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. "ನಿಮ್ಮಪ್ಪ ನೆಟ್ಟ ಕಲ್ಲು. ನಲವತ್ತು ವರ್ಷದಿಂದ ಇಬ್ರೂ ಒಂದು ದಿನ ತಪ್ಪಿಲ್ಲ. ಎಲ್ಲರ ಎದುರಿಗೆ ತಪ್ಪಾಯ್ತು ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಹೇಳಿ? ಅವತ್ತೇ ಸಂಜೆ ಮಾತಾಡ್ಕೊಂಡ್ವಿ. ಇಲ್ಲಿ ಒಂದು ಸುತ್ತು ಜಾಸ್ತಿ ಬಿಟ್ಕೊಳೋದು, ಮೇಸ್ತ್ರಿ ಹತ್ರ ಈ ಮಾತು ಎತ್ತೋದು ಬೇಡ ಅಂತ. ಮನೆ ಮಕ್ಳಿಗೆಲ್ಲ ಹೇಳಿಟ್ವಿ."

"ಈ ಹುಡುಗಿಗೆ?"

ಮಲ್ಲಪ್ಪ ಏರಿನಲ್ಲಿ ನಿಂತಿದ್ದ ಚಂದ್ರಮತಿಯ ಕಡೆ ನೋಡಿ ಕೂಡಲೇ ಕಣ್ಣು ತೆಗೆದ. "ಆಯಮ್ಮ ಯಾರ ಮನೆಯವಳೂ ಅಲ್ವಲ್ಲ ಮೇಸ್ತ್ರಿ. ಯಾರೋ ಹೇಳಿರ್ತಾರೆ ಅಂತ ಎಲ್ರೂ ಸುಮ್ನಿದ್ವಿ."

ಒಂದು ವರ್ಷ ಇಡೀ ಬೀದಿ ನನ್ನನ್ನು ಮಗುವನ್ನು ಸಾಕಿದ ಹಾಗೆ ಸಾಕಿತ್ತು. ನನಗೆ ಅಳು ಬಂತು. ನಾಚಿಕೆಗೋ, ಅವರ ಪ್ರೀತಿಗೋ, ಆ ಪ್ರೀತಿಯ ಬೆಲೆ ತೆತ್ತ ಹುಡುಗಿ ಅಲ್ಲಿ ಕಾಲೂರಿಕೊಂಡು ನಿಂತಿದ್ದಳಲ್ಲ ಅದಕ್ಕೋ, ಬಿಡಿಸಿ ಹೇಳಲು ಆಗುವುದಿಲ್ಲ. ಕಣ್ಣೊರೆಸಿಕೊಂಡು ಅವಳನ್ನು ಕೈಸನ್ನೆ ಮಾಡಿ ಕರೆದೆ.

"ಬೈಕ್ ಇಲ್ಲಿ ನಿಲ್ಲಿಸು. ಸ್ಟಾರ್ಟ್ ಮಾಡು. ನಾನು ಸ್ಕ್ರೂ ತಿರುಗಿಸ್ತೀನಿ, ನೀನು ಕೇಳಿಸ್ಕೋ. ಏರೋದು ನಿಂತ ಕೂಡ್ಲೇ ಹೇಳು."

"ನಾನಾ? ನಂಗೇನು ಗೊತ್ತಾಗುತ್ತೆ ಸಾರ್?"

"ಕಿವಿ ಇದೆಯಲ್ಲ. ಸಾಕು."

ಮೊಣಕಾಲು ನೋಯುತ್ತಿದ್ದರೂ ನೆಲದ ಮೇಲೆ ಕೂತೆ. ಸ್ಕ್ರೂ ಕೂರಿಸಿದೆ, ಇಂಜಿನ್ ಸಾಯುವ ಹಾಗಾದಾಗ ಚೂರು ರೈಸ್ ಕೊಟ್ಟು ಹಿಡಿದೆ. ಕಾಲು ಸುತ್ತು, ಅರ್ಧ, ಒಂದು. ಒಂದೂವರೆಗೆ ಬಂದಾಗ ನನ್ನ ಕಿವಿ, ಇದೇ ತುದಿ, ಇನ್ನು ಏರುವುದಿಲ್ಲ ಎಂದು ಹೇಳಿತು. ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತಿದ್ದೆ. ತಲೆ ಎತ್ತಿ ಅವಳನ್ನು ನೋಡಿದೆ.

"ಇನ್ನೂ ಏರ್ತಿದೆ," ಎಂದಳು ಮೆಲ್ಲಗೆ.

ತಿರುಗಿಸಿದೆ. ನನಗೆ ಏನೂ ಬದಲಾಗಲಿಲ್ಲ. ಅವಳು ಕಣ್ಣು ಮುಚ್ಚಿದ್ದಳು. ಎರಡು ಸುತ್ತಿಗೆ ತಲೆಯಾಡಿಸಿದಳು, ಎರಡೂಕಾಲಿಗೂ ಆಡಿಸಿದಳು. ಎರಡೂವರೆಗೆ ಅವಳ ಕೈ ತಾನಾಗಿ ಬಂದು ನನ್ನ ಭುಜವನ್ನು ಒತ್ತಿತು. "ಈಗ. ನಿಂತಿತು." ಇನ್ನೊಂದು ಚೂರು ಬಿಟ್ಟೆ. "ಇಳೀತು," ಎಂದಳು. ಬೀದಿಯ ಜನ ಮೆಟ್ಟಿಲುಗಳ ಮೇಲೆ ನಿಂತು ನೋಡುತ್ತಿದ್ದರು. ಅವಳು ಸರಿಯಾಗಿ ಹೇಳಿದ್ದಾಳೆಂದು ಅವರ ಮುಖದಲ್ಲೇ ಗೊತ್ತಾಯಿತು.

ತೆಳುಗಾಳಿಯಲ್ಲಿ ಸದ್ದು ಮೊದಲೇ ಸಣ್ಣದು. ನನ್ನ ಕಿವಿ ಸೋತದ್ದು ಅಂಥ ಗಾಳಿಯಲ್ಲಿ. ಪೇಟೆ ಬೀದಿಯ ಗ್ಯಾರೇಜಿನಲ್ಲಿ ಕೂತವನಿಗೆ ಅದು ತಿಳಿಯುವ ಸಂಭವವೇ ಇರಲಿಲ್ಲ, ಬೇರೆ ಬೀದಿಗಳಲ್ಲಿ ನಾನು ಸ್ಕ್ರೂ ಮುಟ್ಟುತ್ತಿದ್ದದ್ದು ವರ್ಷಕ್ಕೊಂದು ದಿನ.

ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋದೆವು. ಪೋಸ್ಟ್ ಮಾಸ್ಟರು ಎಲ್ಲವನ್ನೂ ಕೇಳಿ, "ಬಾಯಿಮಾತಲ್ಲಿ ಆಗಲ್ಲ ಮೇಸ್ತ್ರಿ. ಬರೆದು ಕೊಡಿ," ಎಂದರು. ಅವರೇ ಕಾಗದ ಕೊಟ್ಟರು. ಬರೆದು ಕೊಟ್ಟರೆ ಅದು ಊರಿಗೇ ಗೊತ್ತಾಗುತ್ತದೆ. ಕಿವುಡ ಮೇಸ್ತ್ರಿಗೆ ಕಲ್ಲು ಯಾರು ಒಪ್ಪಿಸುತ್ತಾರೆ? ಕಲ್ಲಿಲ್ಲದಿದ್ದರೆ ನಾನು ಪಂಕ್ಚರ್ ಹಾಕುವವರಲ್ಲಿ ಒಬ್ಬ. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಚಂದ್ರಮತಿ ಹೊರಗೆ ಹೋಗಿ ನಿಂತಳು, ನಾನು ಅವಳ ಮುಖ ನೋಡಿ ಬರೆಯುವುದು ಬೇಡವೆಂದೇನೋ. ಬರೆದೆ: ಗಾಣದ ಬೀದಿಯ ಕಲ್ಲು ತಪ್ಪು. ತಪ್ಪು ಬರೆದವನು ನಾನು. ನನಗೆ ಮೊದಲಿನ ಹಾಗೆ ಕಿವಿ ಕೇಳುವುದಿಲ್ಲ. ಆಕೆಯ ಬೈಕೂ ಸರಿಯಿದೆ, ಕೈಯೂ ಸರಿಯಿದೆ. ಕೆಳಗೆ ಗುರುಪಾದಪ್ಪ ಎಂದು ಸಹಿ ಹಾಕಿದೆ. ಪೋಸ್ಟ್ ಮಾಸ್ಟರು ಅದನ್ನು ಎರಡು ಸಲ ಓದಿ, ಚಂದ್ರಮತಿಯ ಫೈಲು ತರಿಸಿ ಅದರೊಳಗೆ ಸೇರಿಸಿ, ಟೈಪಾದ ಹಳೆಯ ಕಾಗದವನ್ನು ವಾಪಸ್ ಪಡೆದುಕೊಂಡರು. ಮುಂದಿನ ತಿಂಗಳು ಅವಳ ಕೆಲಸ ಖಾಯಂ ಆಯಿತು.

ಒಂದು ಕಲ್ಲು ತಪ್ಪಿದ್ದರೆ ಉಳಿದವು? ಊರಿನ ಹಿರಿಯರು, ಬರುವ ವರ್ಷ ನೋಡಿದರಾಯಿತು, ಅವಸರವೇನು ಎಂದರು. ಅವರದೂ ಅದೇ ಮುಲಾಜು. ನಾನು ಒಪ್ಪಲಿಲ್ಲ. ಭಾನುವಾರ ಚಂದ್ರಮತಿಗೆ ರಜೆ. ಬೆಳಿಗ್ಗೆ ಆರಕ್ಕೇ ಗ್ಯಾರೇಜಿನ ಹಳೆಯ ಬೈಕ್ ಹೊರಗೆ ತೆಗೆದೆವು. ಅವಳು ಓಡಿಸಿದಳು, ನಾನು ಬಣ್ಣದ ಡಬ್ಬಿ ಹಿಡಿದು ಹಿಂದೆ ಕೂತೆ. ಪ್ರತಿ ಕಲ್ಲಿನ ಹತ್ತಿರವೂ ನಾನು ಕೂತು ತಿರುಗಿಸುವುದು, ಅವಳು ಹಿಂದೆ ನಿಂತು ಕೇಳುವುದು, ಸದ್ದು ತುದಿ ಮುಟ್ಟಿದಾಗ ನನ್ನ ಭುಜ ಒತ್ತುವುದು. ದಟ್ಟಗಾಳಿಯ ಬೀದಿಗಳೆಲ್ಲ ಸರಿಯಿದ್ದವು. ಕಲ್ಲುಬಾವಿ ಬೀದಿಯಲ್ಲಿ ನಾವಿಬ್ಬರೂ ಒಟ್ಟಿಗೇ "ಇದೇ" ಎಂದೆವು, ನನಗೆ ಮಕ್ಕಳ ಹಾಗೆ ಸಂತೋಷವಾಯಿತು. ಬಳೆಗಾರರ ಓಣಿಯಲ್ಲಿ ಕಾಲು ಸುತ್ತು ತಪ್ಪಿತ್ತು. ಅಲ್ಲಿ ನಾನು ಹೊಸ ಅಂಕೆ ಬರೆಯುವಾಗ ಬಳೆ ಅಂಗಡಿಯ ಮುದುಕಿ ಕಿಟಕಿಯಿಂದ, "ಎರಡು ವರ್ಷಕ್ಕೆ ಅಂತೂ ಸರಿಯಾಗಿ ಬರೆದ್ಯಾ ಮಗಾ," ಎಂದಳು. ಗಾಣದ ಬೀದಿಯವರೇ ವಾಸಿ, ಅವರು ಒಂದು ವರ್ಷದಿಂದ ಸಹಿಸಿದ್ದರು. ಇಲ್ಲಿ ಎರಡು ವರ್ಷದಿಂದ ನಡೆಯುತ್ತಿತ್ತು. ಸಂಜೆ ಐದರ ಹೊತ್ತಿಗೆ ನಲವತ್ತು ಕಲ್ಲು ಮುಗಿದಿದ್ದವು. ಗಾಣದ ಬೀದಿಯದೂ ಸೇರಿ ಎಂಟು ತಪ್ಪಿದ್ದವು, ಉಳಿದ ಏಳರ ತಪ್ಪು ಬೈಕ್ ನಿಲ್ಲಿಸುವಷ್ಟು ದೊಡ್ಡದಲ್ಲ. ಎಂಟೂ ಬೀದಿಗಳಲ್ಲಿ ಜನಕ್ಕೆ ಗೊತ್ತಿತ್ತು.

ಕೊನೆಯದು ನಾನು ವಾಸವಾಗಿರುವ ಬೀದಿ. ಕಲ್ಲಿನ ಮೇಲೆ ಎರಡು ಎಂದಿತ್ತು. ನಾನು ಎರಡಕ್ಕೆ ತಂದು ನಿಲ್ಲಿಸಿ ಕಾದೆ. ಭುಜದ ಮೇಲೆ ಕೈ ಬೀಳಲಿಲ್ಲ. ಎರಡೂಕಾಲಿಗೆ ಬಿತ್ತು. ಹಳೆಯದನ್ನು ಅಳಿಸಿ ಬರೆದೆ. ಚಂದ್ರಮತಿ ಬಣ್ಣದ ಡಬ್ಬಿ ಮುಚ್ಚಿ ಕೊಟ್ಟಳು. "ಮುಂದಿನ ವರ್ಷಾನೂ ಬರ್ತೀನಿ ಮೇಸ್ತ್ರಿಗಳೇ, ಬೇರೆ ಯಾರನ್ನೂ ಕರೀಬೇಡಿ," ಎಂದು ಹೇಳಿ ಹೊರಟಳು.

ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ದೇವೀರಮ್ಮನ ಬೈಕಿನ ಹಿಂದೆ ಕೂತೆ. ಮನೆಯ ಅಂಗಳಕ್ಕೂ ನಮ್ಮ ಬೀದಿಯದೇ ಗಾಳಿ, ಸ್ಕ್ರೂ ಹಿಂದಿನ ದಿನ ಅವಳು ಬಿಟ್ಟಲ್ಲೇ ಇರುತ್ತದೆ. ಅವಳು ನೀರಿನ ಕೊಡ ಒಳಗಿಡಲು ಹೋದಾಗ, ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ, ನಾನು ಬಗ್ಗಿ ಅವಳ ಬೈಕಿನ ಸ್ಕ್ರೂ ಒಳಕ್ಕೆ ತಿರುಗಿಸುತ್ತಾ ಎಣಿಸಿದೆ. ಎರಡೂಕಾಲು. ಆ ಕಲ್ಲಿಗೆ ನಾನು ಹೊಸ ಅಂಕೆ ಬರೆಯುವ ಹೊತ್ತಿಗೆ ಅವಳು ಮನೆ ಸೇರಿ ಬೈಕ್ ನಿಲ್ಲಿಸಿ ಆಗಿತ್ತು; ಆಮೇಲೆ ಅದು ಅಲ್ಲಿಂದ ಕದಲಿರಲಿಲ್ಲ. ಮತ್ತೆ ಎರಡೂಕಾಲು ಸುತ್ತು ಹೊರಕ್ಕೆ ಬಿಟ್ಟು ನೆಟ್ಟಗೆ ಕೂತೆ.

ದೇವೀರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಎಷ್ಟು ವರ್ಷದಿಂದ?" ಎಂದು ಕೇಳಿದೆ.

"ನಾಲ್ಕು," ಎಂದಳು.

ನಾಲ್ಕು ವರ್ಷ. ಗಾಣದ ಬೀದಿಗಿಂತ ಮೊದಲು, ಬಳೆಗಾರರ ಓಣಿಗಿಂತ ಮೊದಲು, ಊರಿನಲ್ಲಿ ಯಾರಿಗೂ ತಿಳಿಯುವುದಕ್ಕಿಂತ ಮೊದಲು ಅವಳಿಗೆ ತಿಳಿದಿತ್ತು. ದಿನಾ ಸಂಜೆ ಆ ಕಲ್ಲಿನ ಹತ್ತಿರ ನಿಲ್ಲಿಸಿದ್ದಳು, ನಾನು ಬೆನ್ನ ಹಿಂದೆಯೇ ಕೂತು ಬೇರೆಯವರ ಹೊಗೆ ನೋಡುತ್ತಿದ್ದೆ.

ಅವಳು ಬಂದು ಸೀಟಿನ ಮೇಲೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಕ್ಕರ್ ಹೊಡೆದಳು. ಏನೋ ಹೇಳಿದಳು. ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಹಿಂದಿನ ದಿನದವರೆಗೆ ಆಗಿದ್ದರೆ ಹೂಂ ಎಂದುಬಿಡುತ್ತಿದ್ದೆ.

"ಕೇಳಲಿಲ್ಲ. ಇನ್ನೊಂದ್ಸಲ ಹೇಳು," ಎಂದೆ.

ಅವಳು ಬೈಕ್ ಆಫ್ ಮಾಡಿದಳು. ಪೂರ್ತಿ ನನ್ನ ಕಡೆ ತಿರುಗಿ, "ಗಟ್ಟಿಯಾಗಿ ಹಿಡ್ಕೊಂಡ್ ಕೂತ್ಕೊಳ್ಳಿ ಅಂದೆ," ಎಂದಳು. ನಾನು ಅವಳ ಭುಜ ಹಿಡಿದುಕೊಂಡೆ.